ಕೆಂಗೇರಿಯ ದಾರಿಯಲ್ಲಿ ದೇವಚಿತ್ತದ ವಿಚಾರ

ಬೆಂಗಳೂರಿನ ನಡುಭಾಗದಿಂದ ಮೈಸೂರಿನ ಹೆದ್ದಾರಿಯನ್ನು ಹಿಡಿದು ನೈಋತ್ಯಕ್ಕೆ ಸುಮಾರು 15 ಕಿಲೋಮೀಟರು ಸಾಗಿದರೆ ಕೆಂಗೇರಿಯು ಸಿಕ್ಕುವುದು. ಪ್ರತ್ಯೇಕವಾದ ಊರಾಗಿದ್ದ ಇದು 2007ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆಯೊಳಗೆ ಸೇರಿತು. 2021ನೆಯ ಆಗಸ್ಟಿನಲ್ಲಿ ಮೆಟ್ರೋ ರೈಲೂ ಇಲ್ಲಿಗೆ ಬಂದಿತು. ನಾವು ಈಚೆಗೆ ಹೋದದ್ದು ಆ ರೈಲಿನಲ್ಲಿಯೇ. ದಾರಿಯುದ್ದಕ್ಕೂ ಕೆಳಗೆ ವೃಷಭಾವತಿಯು ಆಗಾಗ ಕಾಣಿಸಿಕೊಳ್ಳುವುದು. ಹೆಸರು ಎಷ್ಟು ಪವಿತ್ರವೋ ನೀರು ಅಷ್ಟು ಮಲಿನ. ನಗರದ ಕೊಳಚೆಯನ್ನೆಲ್ಲ ಹೊತ್ತು, ಕೆಂಗೇರಿಯನ್ನು ದಾಟಿ, ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ಹೊಕ್ಕು, ಅರ್ಕಾವತಿಯ ಮೂಲಕ ಅದು ಕಾವೇರಿಗೆ ಸೇರುತ್ತದೆ. ಈ ಹೊಳೆಯನ್ನು ಕೆಡಿಸಬೇಕೆಂದು ಯಾವ ಗೃಹಸ್ಥನೂ ಸಂಕಲ್ಪಮಾಡಿದವನಲ್ಲ. ದಿನದಿನದ ಉಪೇಕ್ಷೆಯೇ ಸೇರಿ ಹೀಗಾಯಿತು.

ಕೆಂಗೇರಿ ಉಪನಗರದಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನ ಮನೆಯಿದೆ. ದೈವಭಕ್ತಿಯುಳ್ಳ ಕ್ರೈಸ್ತ ಕುಟುಂಬ. ಸಂಜೆಯ ಜಪಸರವು ಮುಗಿದ ಮೇಲೆ ಆತನು ಎರಡು ಚೀಟಿಗಳನ್ನು ಮಡಿಸಿ ಶಿಲುಬೆಯ ಮುಂದಿಟ್ಟನು. ಕುವೈತಿನಲ್ಲಿ ಆತನಿಗೆ ಮೂರು ವರ್ಷಗಳ ಕೆಲಸವೊಂದು ದೊರೆಯುವಂತಿತ್ತು. ಮನೆಯ ಸಾಲ ತೀರಿರಲಿಲ್ಲ, ಮಗಳ ಓದು ನಡೆಯುತ್ತಿತ್ತು. ಇತ್ತ ವೃದ್ಧಳಾದ ತಾಯಿಯು ಊರುಗೋಲಿಲ್ಲದೆ ಏಳಲಾರಳು. ಹೋಗುವುದೋ ಇರುವುದೋ? "ಮೇಷ್ಟ್ರೇ, ದೇವರೇ ಚೀಟಿಯಲ್ಲಿ ಹೇಳಿಬಿಟ್ಟರೆ ನಾಳೆ ಯಾರ ಮೇಲೂ ತಪ್ಪು ಬರುವುದಿಲ್ಲ ನೋಡಿ" ಎಂದನು.

ಇದು ಹೊಸ ರೂಢಿಯಲ್ಲ. ನಮ್ಮ ನಾಡಿನ ಗುಡಿಗಳಲ್ಲಿ ಹೂವಿನ ಪ್ರಸಾದ ಕೇಳುವವರಿದ್ದಾರೆ. ಬೈಬಲನ್ನು ಕಣ್ಣುಮುಚ್ಚಿ ತೆರೆದು, ಬೆರಳು ಬಿದ್ದ ವಾಕ್ಯವನ್ನೇ ಅಪ್ಪಣೆಯೆಂದು ಹಿಡಿಯುವ ಕ್ರೈಸ್ತರೂ ಇದ್ದಾರೆ. ಅಪೊಸ್ತಲರೇ ಯೂದನ ಸ್ಥಾನಕ್ಕೆ ಮತ್ತೀಯನನ್ನು ಚೀಟಿಹಾಕಿ ಆರಿಸಿದರೆಂದು ಪ್ರೇಷಿತರ ಕಾರ್ಯಕಲಾಪಗಳ 1ನೆಯ ಅಧ್ಯಾಯದಲ್ಲಿದೆ. ಆದರೆ ಅದರ ಮರು ಅಧ್ಯಾಯದಲ್ಲಿ ಪವಿತ್ರಾತ್ಮನು ಇಳಿದು ಬಂದ ತರುವಾಯ ಅವರು ಮತ್ತೆ ಚೀಟಿಹಾಕಿದ ಸಂಗತಿಯು ಆ ಗ್ರಂಥದಲ್ಲಿ ಬರುವುದಿಲ್ಲ. 15ನೆಯ ಅಧ್ಯಾಯದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆಯೇ ಬಂದಾಗ ಜೆರುಸಲೇಮಿನಲ್ಲಿ ಸಭೆ ಕೂಡಿ, ವಾದಿಸಿ, ಒಬ್ಬರ ಮಾತನ್ನೊಬ್ಬರು ಕೇಳಿ ನಿರ್ಣಯಕ್ಕೆ ಬಂದರು. ಇದನ್ನು ತಿಳಿಸಿದ ಮೇಲೆ ನಮ್ಮ ಶಿಷ್ಯನು ಚೀಟಿಗಳನ್ನು ಆ ರಾತ್ರಿ ಎತ್ತದೆ ಹಾಗೆಯೇ ಬಿಟ್ಟನು.

ಮರುದಿನ ಆತನ ಮಗಳನ್ನು ಕಾಲೇಜಿಗೆ ಬಿಡುವುದಕ್ಕಾಗಿ ಕುಂಬಳಗೋಡಿನ ಕಡೆಗೆ ಹೊರಟೆವು. ಅಲ್ಲಿ ಕಣ್ಮಿಣಿಕೆಯಲ್ಲಿ ಕ್ರೈಸ್ಟ್ ವಿಶ್ವವಿದ್ಯಾಲಯದ ಕೆಂಗೇರಿ ಆವರಣವು 2009ರಿಂದ ನಡೆಯುತ್ತಿದೆ. ಇದನ್ನು ನಡೆಸುವವರು ಸಿ.ಎಂ.ಐ. ಎಂಬ ಸಭೆಯ ಗುರುಗಳು. 1831ರಲ್ಲಿ ಕೇರಳದ ಮಾನ್ನಾನಂನಲ್ಲಿ ಆ ಸಭೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಕುರಿಯಾಕೋಸ್ ಎಲಿಯಾಸ್ ಚಾವರ ಅವರನ್ನು 2014ರಲ್ಲಿ ಸಂತರೆಂದು ಘೋಷಿಸಲಾಯಿತು. ಅವರು 1846ರಲ್ಲಿ ಮಾನ್ನಾನಂನಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದವರು. ಸಂಸ್ಕೃತವನ್ನೇ ಓದಿ ಓದಿಸಿದ ನಮಗೆ ಅವರಲ್ಲಿ ಆದರ ಹುಟ್ಟಿದ್ದು ಆ ದಾರಿಯಿಂದ. ಆದರೆ ಅಂದು ನೆನಪಾದದ್ದು ಅವರ ಯೌವನದ ಒಂದು ವೃತ್ತಾಂತ. ಹಿಂದಿರುಗುವಾಗ ಅದನ್ನೇ ಶಿಷ್ಯನಿಗೆ ಹೇಳಿದೆವು.

ಚಾವರರು ಗುರುಪಟ್ಟಕ್ಕಾಗಿ ಓದುತ್ತಿದ್ದಾಗ ಸಾಂಕ್ರಾಮಿಕ ರೋಗವೊಂದು ಅವರ ತಂದೆತಾಯಿಗಳನ್ನೂ ಒಬ್ಬನೇ ಸಹೋದರನನ್ನೂ ಕೊಂಡೊಯ್ದಿತು. ಮನೆಗೆ ಮರಳಿ ವಂಶವನ್ನು ಉಳಿಸಬೇಕೆಂದು ಬಂಧುಗಳು ಒತ್ತಾಯಿಸಿದರು. ಆ ಮಾತಿನಲ್ಲಿ ಧರ್ಮವಿರಲಿಲ್ಲವೇ? ಇತ್ತು. ಚಾವರರು ಅದನ್ನು ತಿರಸ್ಕರಿಸಿ ಹೊರಟುಹೋಗಲಿಲ್ಲ, ಅದಕ್ಕೆ ಸೋತು ತಮ್ಮ ಕರೆಯನ್ನು ಬಿಡಲೂ ಇಲ್ಲ. ಸೋದರಿಯ ಸಂಸಾರವನ್ನು ಹುಟ್ಟಿದ ಮನೆಗೆ ಕರೆತಂದು, ಮನೆಯ ಭಾರವನ್ನು ಒಪ್ಪಿಸಿ, ಆ ಬಳಿಕವೇ ವಿದ್ಯೆಗೆ ಹಿಂದಿರುಗಿದರು; 1829ರಲ್ಲಿ ಗುರುಗಳಾದರು. ಮುಂದೆ 1868ರಲ್ಲಿ ತಮ್ಮ ಊರಾದ ಕೈನಕರಿಯವರಿಗೆ ಬರೆದ ಉಪದೇಶಪತ್ರದಲ್ಲಿಯೂ ಅವರು ಮನೆಯ ಧರ್ಮವನ್ನೇ ವಿವರಿಸಿದರು: ವ್ಯಾಜ್ಯಕ್ಕೆ ಹೋಗಬಾರದು, ಕ್ಷಮಿಸಬೇಕು, ಕೂಲಿಯನ್ನು ತಡೆಹಿಡಿಯಬಾರದು, ಮಕ್ಕಳನ್ನು ದೇವರು ಒಪ್ಪಿಸಿದ ನಿಧಿಯೆಂದು ಕಾಣಬೇಕು, ಇತ್ಯಾದಿ. ದೇವರ ಚಿತ್ತವು ಅಲ್ಲಿ ಅಡಿಗೆಮನೆಗೂ ಹೊಲಕ್ಕೂ ಇಳಿದು ಬಂದಿದೆ.

ಸಂಸ್ಕೃತದಲ್ಲಿ 'ವಿವೇಕ' ಎಂಬ ಶಬ್ದಕ್ಕೆ ಬೇರ್ಪಡಿಸುವುದೆಂದೇ ಮೂಲಾರ್ಥ. ಗೃಹಿಣಿಯು ಮೊರದಲ್ಲಿ ಕೇರಿ ಕಾಳನ್ನು ಹೊಟ್ಟಿನಿಂದ ಬೇರೆ ಮಾಡುವಂತೆ, ನಮ್ಮ ಆಸೆಯಾವುದು, ಭಯವಾವುದು, ಕರ್ತವ್ಯವಾವುದು ಎಂದು ಬೇರೆ ಮಾಡಿ ನೋಡಬೇಕು. ಚೀಟಿಯು ಈ ಕೇರುವ ಶ್ರಮವನ್ನು ತಪ್ಪಿಸುತ್ತದೆ. ಅದಕ್ಕೇ ಅದು ಅಷ್ಟು ಪ್ರಿಯ. 1548ರಲ್ಲಿ ಅಚ್ಚಾದ ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಯ ಗ್ರಂಥದಲ್ಲಿ ಗೃಹಸ್ಥರಿಗೂ ಸಲ್ಲುವ ಉಪಾಯಗಳಿವೆ. ನಾವೆಂದೂ ಕಾಣದ ಒಬ್ಬ ಅಪರಿಚಿತನು ಇದೇ ಇಕ್ಕಟ್ಟಿನಲ್ಲಿದ್ದರೆ ಆತನಿಗೇನು ಬುದ್ಧಿ ಹೇಳುವೆವೋ ಅದನ್ನು ನಾವೂ ಪಾಲಿಸಬೇಕು. ಮರಣಕಾಲದಲ್ಲಿ ಯಾವ ನಿರ್ಣಯವನ್ನು ಮಾಡಿದ್ದರೆ ಸಮಾಧಾನವೆನಿಸುವುದೋ ಅದನ್ನು ಈಗಲೇ ಮಾಡಬೇಕು. ಮನಸ್ಸು ಕುಗ್ಗಿರುವ ಹೊತ್ತಿನಲ್ಲಿ, ಮೊದಲು ಶಾಂತಿಯಿಂದ ಮಾಡಿದ ತೀರ್ಮಾನವನ್ನು ಬದಲಿಸಬಾರದು.

ಇಷ್ಟನ್ನು ಕೇಳಿದ ಶಿಷ್ಯನು, "ಮೇಷ್ಟ್ರೇ, ಸೋದರಿಯನ್ನು ಕೇಳಿದರಲ್ಲ ಅವರು, ನಾನು ಅಮ್ಮನನ್ನೇ ಕೇಳಿಲ್ಲ" ಎಂದನು. ಮನೆಗೆ ಬಂದೊಡನೆ ತಾಯಿಯ ಮಂಚದ ಬಳಿ ಕುಳಿತು ಕೇಳಿದನು. ಆ ವೃದ್ಧೆಯು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಇದ್ದರೆ, ನಿನ್ನಿಂದ ನಾನು ಕೆಟ್ಟೆ ಅಂತ ಮುಂದೆ ನನ್ನ ಮೇಲೆ ಹಾಕಬೇಡಪ್ಪ. ಹೋದರೆ, ದೇವರೇ ಕಳಿಸಿದ ಅಂತ ನನ್ನನ್ನು ಮರೆಯಬೇಡ. ಮೈಸೂರಿನಲ್ಲಿ ನಿನ್ನ ತಂಗಿಯೂ ಇದ್ದಾಳೆ, ಅವಳಿಗೂ ಒಂದು ಮಾತು ಕೇಳು."

ಮಧ್ಯಾಹ್ನದ ಊಟದ ಮೇಲೆ ಸೊಸೆಯು ಮನೆಯ ಸಾಲದ ಲೆಕ್ಕವನ್ನು ತಂದು ಗಂಡನ ಮುಂದಿಟ್ಟಳು. ತಂಗಿಗೆ ಫೋನು ಹೋಯಿತು. ಭಾನುವಾರ ಪೂಜೆಯ ನಂತರ ಎಲ್ಲರೂ ಕೂಡುವುದೆಂದಾಯಿತು. ನಾವು ಹೊರಡುವವರೆಗೂ ಹೋಗುವುದೋ ಇರುವುದೋ ನಿಶ್ಚಯವಾಗಿರಲಿಲ್ಲ. ಆದರೆ ಚೀಟಿಗಳು ಶಿಲುಬೆಯ ಮುಂದಿನಿಂದ ತಾವಾಗಿ ಮಾಯವಾಗಿದ್ದವು. ಆ ವೃದ್ಧೆಯ ಮುಖದಲ್ಲಿ ಹಿಂದಿನ ಸಂಜೆ ಕಾಣದಿದ್ದ ಒಂದು ನೆಮ್ಮದಿಯಿತ್ತು.

ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ, ದೇವರ ಚಿತ್ತವು ನೆರವೇರಬೇಕೆಂದು ಬೇಡುವ ಮಾತಿನ ಹಿಂದೆಯೇ ಅಂದಂದಿನ ಅನ್ನವನ್ನು ಬೇಡುವ ಮಾತು ಬರುತ್ತದೆ. ಇವೆರಡನ್ನು ಬೇರೆಬೇರೆ ಮಾಡದೆ ಓದಬೇಕೆಂದು ನಮಗೆ ತೋರುವುದು. ದೊಡ್ಡ ನಿರ್ಣಯದ ದಿನವು ವರ್ಷಕ್ಕೊಮ್ಮೆ ಬಂದೀತು. ಬಾಕಿಯಿರುವ ಕೂಲಿ, ಆಡದೆ ಉಳಿದ ಕ್ಷಮೆಯ ಮಾತು, ಮಂಚದಲ್ಲಿರುವ ಹಿರಿಯರನ್ನು ಕೇಳುವ ಒಂದು ಪ್ರಶ್ನೆ, ಇವು ದಿನವೂ ಬರುತ್ತವೆ. ವಾಚಕರು ಇಂದಿನ ಸಂಜೆಯ ಪ್ರಾರ್ಥನೆಯಾದ ಮೇಲೆ ತಮ್ಮ ಮನೆಯಲ್ಲಿ ಯಾರನ್ನು ಇನ್ನೂ ಕೇಳಿಲ್ಲವೆಂದು ಒಮ್ಮೆ ನೋಡಿಕೊಳ್ಳಲಿ.