ಅಟ್ಟದ ಕೊಬ್ಬರಿ, ಕೆರೆಯ ಮೀನು, ಜಪಾನಿನ ಬಟ್ಟಲು

ತಿಪಟೂರು ಸೀಮೆಯ ತೋಟದ ಮನೆ,
ಭಾನುವಾರ ಸಂಜೆ

ಪ್ರೀತಿಯ ಗೆಳತಿ,

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಮಗಳು ಬೆಂಗಳೂರಿನ ಜಪಾನೀ ಹೋಟೆಲೊಂದರಲ್ಲಿ ಅನ್ನದ ಮೇಲೆ ಮೀನಿಟ್ಟ ಬಟ್ಟಲು ತಿಂದು ಬಂದಳು, "ಅಮ್ಮ, ಇದನ್ನ ನಮ್ಮನೇಲೂ ಮಾಡು" ಅಂತ ಒಂದೇ ಹಟ, ತುರುವೇಕೆರೆಯಲ್ಲಿ ಸಾಲ್ಮನ್ ಎಲ್ಲಿಂದ ತರಲಿ ಎಂದು ಕೇಳಿದ್ದಿರಿ. ಮಾಡಿ ನೋಡದೆ ಉತ್ತರ ಬರೆಯಲು ಮನಸ್ಸು ಒಪ್ಪಲಿಲ್ಲ. ನಮ್ಮಲ್ಲಿ ಸೋಮವಾರ, ಶನಿವಾರ ಮೀನು ಒಲೆ ಹತ್ತುವುದಿಲ್ಲ, ಉಳಿದ ದಿನ ತೋಟದ ಕೆಲಸ. ಹಾಗಾಗಿ ಮೂರು ಭಾನುವಾರ ಮಾಡಿದೆ. ಇವತ್ತಿನದು ಸರಿಯಾಗಿ ಬಂತು. ಗಂಗಳ ತೊಳೆದಿಟ್ಟು ಬರೆಯಲು ಕೂತಿದ್ದೇನೆ.

ಮೊದಲಿಗೆ ಸಾಲ್ಮನ್ ಯೋಚನೆ ಬಿಟ್ಟುಬಿಡಿ. ಜಪಾನಿನವರೇ ಅದನ್ನು ಹಸಿಯಾಗಿ ತಿನ್ನಲು ಶುರು ಮಾಡಿದ್ದು ಮೊನ್ನೆ ಮೊನ್ನೆ. ಅವರ ಕಡಲಿನ ಸಾಲ್ಮನ್‌ನಲ್ಲಿ ಹುಳುವಿನ ಭಯವಿತ್ತು, ಉಪ್ಪು ಹಚ್ಚಿ ಸುಟ್ಟು ತಿನ್ನುತ್ತಿದ್ದರು. 1980ರ ದಶಕದಲ್ಲಿ ನಾರ್ವೆ ದೇಶದವರು ತಾವು ಸಾಕಿದ ಮೀನನ್ನು ಅಲ್ಲಿ ಮಾರಲು ವರ್ಷಗಟ್ಟಲೆ ಪ್ರಚಾರ ಮಾಡಿದ ಮೇಲೆ ಅದು ಸುಶಿಗೆ ಹತ್ತಿತು. ನಿಮ್ಮ ಮಗಳಿಗಿಂತ ಹೆಚ್ಚೆಂದರೆ ಹತ್ತಿಪ್ಪತ್ತು ವರ್ಷ ದೊಡ್ಡದಿರಬಹುದು ಆ ಪದ್ಧತಿ.

ಹಳೆಯದು ಯಾವುದು ಗೊತ್ತೇ? ಕೆರೆಯ ಮೀನು. ಕ್ಯೋತೊ ಊರಿನ ಪಕ್ಕದಲ್ಲಿ ಬಿವಾ ಅಂತ ಸರೋವರವಿದೆ, ಜಪಾನಿನಲ್ಲೇ ದೊಡ್ಡದು. ಅದರ ದಡದವರು ಫುನಾ ಎಂಬ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಇಟ್ಟು, ಆಮೇಲೆ ಅನ್ನದ ನಡುವೆ ಒತ್ತಿ ತುಂಬಿ ವರ್ಷದವರೆಗೂ ಹುಳಿ ಬರಿಸುತ್ತಾರೆ. ಸುಶಿಯ ಅಜ್ಜಿ ಇದೇ ಅನ್ನುತ್ತಾರೆ. ಗದ್ದೆ ನೀರಿನಲ್ಲಿ ಸಿಕ್ಕ ಮೀನು, ಅದೇ ಗದ್ದೆಯ ಅಕ್ಕಿ, ಎರಡನ್ನೂ ಕೂಡಿಸಿ ಕೆಡದಂತೆ ಕಾಪಾಡಿಕೊಂಡವರ ಉಪಾಯ ಅದು. ಫುನಾ ಗೆಂಡೆ ಬಳಗದ ಮೀನು. ನಮ್ಮ ಕಾಟ್ಲಾ, ರೋಹು, ಮೃಗಾಲ್ ಎಲ್ಲ ಅದೇ ಬಳಗ. ಕ್ಯೋತೊ ಕೂಡ ನಮ್ಮ ಹಾಗೆ ಕಡಲಿಂದ ದೂರದ ಊರು. ವಾಕಾಸ ಕರಾವಳಿಯಿಂದ ಬಂಗುಡೆಯ ಜಾತಿಯ ಮೀನಿಗೆ ಉಪ್ಪು ಹಾಕಿ, ಹೆಗಲ ಮೇಲೆ ಹೊತ್ತು, ಬೆಟ್ಟ ಹತ್ತಿಳಿದು ಅಲ್ಲಿಗೆ ತರುತ್ತಿದ್ದರು. ಆ ಹಾದಿಗೆ ಈಗಲೂ ಬಂಗುಡೆ ಹಾದಿ ಎಂದೇ ಹೆಸರು. ಮಂಗಳೂರು, ಮಲ್ಪೆ ಕಡೆಯಿಂದ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿ ಘಟ್ಟ ಹತ್ತಿ ಬರುವ ಮೀನು ಕಂಡಾಗೆಲ್ಲ ನನಗೆ ಆ ಹೊರೆಯಾಳುಗಳ ನೆನಪಾಗುತ್ತದೆ.

ಆದ್ದರಿಂದ ನಮಗೂ ಕೆರೆಯ ಮೀನೇ ಸರಿ. ನಿಮಗೆ ಮಲ್ಲಾಘಟ್ಟದ ಕೆರೆ ಇದೆ, ಚಿಕ್ಕನಾಯಕನಹಳ್ಳಿಯವರಿಗೆ ಬೋರನಕಣಿವೆ, ನಮಗೆ ನೊಣವಿನಕೆರೆ. ಎರಡು ಕೆಜಿ ತೂಗುವ ಕಾಟ್ಲಾ ನೋಡಿ ತನ್ನಿ. ಕಣ್ಣು ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದ ಕಡೆ ಗುಣಿ ನಿಲ್ಲಬಾರದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಮಗಳಿಗೂ ಓದಿ ಹೇಳಿ. ಕೆರೆ ಮೀನನ್ನು ಹಸಿಯಾಗಿ ತಿನ್ನಲೇಬೇಡಿ. ಸಿಹಿನೀರಿನ ಹಸಿ ಮೀನಿನಿಂದ ಪಿತ್ತನಾಳಕ್ಕೆ ಸೇರುವ ಹುಳು ಪೂರ್ವ ಏಷ್ಯಾದ ದೇಶಗಳಲ್ಲಿ ಎಷ್ಟೋ ಜನರನ್ನು ಕಾಡಿದೆ. ನಿಂಬೆಹುಳಿ ಹಿಂಡಿದರೂ ಸಾಯುವುದಿಲ್ಲ, ಮನೆಯ ಫ್ರಿಜ್‌ನಲ್ಲಿಟ್ಟರೂ ನಂಬುವ ಹಾಗಿಲ್ಲ. ನಾವು ಮಾಡುವುದು ಕಬಯಾಕಿ. ಜಪಾನಿನವರು ಹಾವುಮೀನನ್ನು ಸೀಳಿ, ಸಿಹಿ ಉಪ್ಪಿನ ರಸ ಹಚ್ಚುತ್ತಾ ಕೆಂಡದ ಮೇಲೆ ಸುಟ್ಟು, ಬಿಸಿ ಅನ್ನದ ಮೇಲಿಟ್ಟು ತಿನ್ನುವ ಪದ್ಧತಿ. ಹೀಗೆ ಅನ್ನದ ಮೇಲೆ ಏನಾದರೂ ಇಟ್ಟ ಆಳದ ಬಟ್ಟಲಿಗೆ ದೊನ್‌ಬುರಿ ಅನ್ನುತ್ತಾರೆ. ಬಟ್ಟಲಿಗೂ ಅದೇ ಹೆಸರು, ಊಟಕ್ಕೂ ಅದೇ ಹೆಸರು.

ಮೀನನ್ನು ನಮ್ಮಮ್ಮ ತೊಳೆಯುತ್ತಿದ್ದ ಹಾಗೇ ತೊಳೆಯಿರಿ. ಹಿತ್ತಲ ಕಲ್ಲಿನ ಮೇಲೆ ಕಲ್ಲುಪ್ಪು, ಒಲೆಬೂದಿ ಹಾಕಿ ಉಜ್ಜಿ, ಲೋಳೆ ಹೋಗುವ ತನಕ. ಆಮೇಲೆ ಹೊಟ್ಟೆ ಭಾಗವನ್ನು ಚರ್ಮಸಮೇತ ಎರಡು ಬೆರಳಗಲದ ಉದ್ದ ತುಂಡು ಮಾಡಿಸಿ. ನಾಲ್ಕು ಜನಕ್ಕೆ 600 ಗ್ರಾಂ ಸಾಕು. ಉಪ್ಪು ಚಿಮುಕಿಸಿ ಹದಿನೈದು ನಿಮಿಷ ಬಿಟ್ಟರೆ ನೀರು ಒಸರುತ್ತದೆ. ಅದನ್ನು ಚೆಲ್ಲಿ ಒರೆಸಿ, ಚರ್ಮದ ಮೇಲೆ ಕುದಿನೀರನ್ನು ಒಂದೇ ಸಲ ಸುರಿದು ತಕ್ಷಣ ತಣ್ಣೀರಿಗೆ ಹಾಕಿ. ಮೇಲೆ ಬೆಳ್ಳಗೆ ಮಂಜು ಬಿದ್ದಂತೆ ಕಾಣುತ್ತದೆ, ಅವರು ಕರೆಯುವುದೂ ಹೆಪ್ಪುಗಟ್ಟಿದ ಇಬ್ಬನಿ ಬಿದ್ದದ್ದು ಎಂಬ ಅರ್ಥದಲ್ಲಿ, ಶಿಮೋಫುರಿ ಅಂತ. ಕೆರೆಯ ಕೆಸರು ವಾಸನೆ ಅಲ್ಲಿಗೆ ಬಹುಪಾಲು ಹೋಗುತ್ತದೆ.

ಇನ್ನು ಮುಳ್ಳು. ಗೆಂಡೆ ಜಾತಿಯ ಮೀನಿನ ಮಾಂಸದೊಳಗೆ ಕವೆಗೋಲಿನ ಆಕಾರದ ಸಣ್ಣ ಮುಳ್ಳುಗಳಿರುತ್ತವಲ್ಲ, ಅದಕ್ಕೆ ಹೆದರಿಯೇ ಎಷ್ಟೋ ಮನೆಯವರು ಮಕ್ಕಳಿಗೆ ಕೆರೆ ಮೀನು ಕೊಡುವುದಿಲ್ಲ. ಕ್ಯೋತೊದವರಿಗೂ ಇದೇ ಕಷ್ಟ. ಹಾಮೊ ಎಂಬ ಹಾವಿನಂಥ ಕಡಲ ಮೀನು ಬೇಸಿಗೆಯಲ್ಲೂ ಅಷ್ಟು ದೂರ ಜೀವ ಹಿಡಿದು ಬರುತ್ತಿತ್ತು, ಆದರೆ ಮೈತುಂಬ ಮುಳ್ಳು. ಅಲ್ಲಿನ ಬಾಣಸಿಗರು ಚರ್ಮ ಹರಿಯದ ಹಾಗೆ 3 ಸೆಂಟಿಮೀಟರಿಗೆ ಇಪ್ಪತ್ತನಾಲ್ಕು ಗೀರು ಹಾಕಿ ಮುಳ್ಳನ್ನು ಪುಡಿಪುಡಿ ಮಾಡುತ್ತಾರೆ. ನನ್ನ ಕೈಗೆ ಹತ್ತು ಗೀರು ಬಂತು, ಅಷ್ಟೇ ಸಾಕಾಯಿತು. ಕತ್ತಿ ಹರಿತವಾಗಿರಲಿ. ಮಾಂಸ ಕತ್ತರಿಸುತ್ತಾ ಹೋದಾಗ ಜರಕ್ ಜರಕ್ ಎಂದು ಮುಳ್ಳು ಕಡಿಯುವ ಸದ್ದು ಕೇಳಬೇಕು, ಚರ್ಮದ ಹತ್ತಿರ ಕೈ ನಿಲ್ಲಬೇಕು. ಮೊದಲು ಬೆರಳಿಗೆ ಆ ಸದ್ದು ಸಿಕ್ಕಿದ್ದು ನನಗೆ ಎರಡನೇ ಭಾನುವಾರ. ಹೀಗೆ ಮಾಡಿದರೂ ಚಿಕ್ಕ ಮಕ್ಕಳಿಗೆ ಕೈಯಲ್ಲಿ ಬಿಡಿಸಿ ನೋಡಿಯೇ ಕೊಡಿ.

ಅಕ್ಕಿಯ ವಿಷಯದಲ್ಲಿ ನಮ್ಮ ರೂಢಿ ತಿರುಗಿಸಬೇಕು. ನಾವು ಹಳೇ ಅಕ್ಕಿ ಹುಡುಕುವವರು, ಅನ್ನ ಉದುರುದುರಾಗಿರಬೇಕು. ಹೊಸ ಅಕ್ಕಿ ಅಂಟುತ್ತದೆ ಎಂದು ಅಂಗಡಿಯವನ ಹತ್ತಿರ ಜಗಳ ಆಡುತ್ತೇವೆ. ಅವರು ಸುಗ್ಗಿಯ ಹೊಸ ಅಕ್ಕಿಗೆ ಕಾಯುತ್ತಾರೆ, ಅದಕ್ಕೆ ಹೆಸರಿಟ್ಟು ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಾರೆ. ಈ ಬಟ್ಟಲಿಗೆ ಹೊಸ ಸೋನಾ ಮಸೂರಿ ನಡೆಯುತ್ತದೆ, ರಾಜಮುಡಿ ಸಿಕ್ಕರೆ ಇನ್ನೂ ಮೇಲು. ನೀರು ತಿಳಿಯಾಗುವವರೆಗೆ ತೊಳೆದು, ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಬೇಯಿಸಿ, ಒಲೆ ಆರಿಸಿದ ಮೇಲೂ ಹದಿನೈದು ನಿಮಿಷ ಮುಚ್ಚಳ ಎತ್ತಬೇಡಿ. ಹುಳಿ ಕಲಸುವುದು ಹಸಿ ಮೀನಿನ ಬಟ್ಟಲಿಗೆ. ಸುಟ್ಟ ಮೀನಿಗೆ ಬರೀ ಅನ್ನವೇ ಚೆಂದ.

ರಸಕ್ಕೆ ಸೋಯಾ ಸಾಸ್ ಆರು ಚಮಚ, ಪುಡಿ ಬೆಲ್ಲ ನಾಲ್ಕು ಚಮಚ, ನೀರು ಆರು ಚಮಚ, ಜಜ್ಜಿದ ಶುಂಠಿ ಒಂದು ತುಂಡು. ಗೋಬಿ ಮಂಚೂರಿ ಗಾಡಿಯವರು ಹಾಕುವ ಕಡುಕಪ್ಪು ಸಾಸ್ ಬೇಡ, ಸೋಯಾ ಮತ್ತು ಗೋಧಿ ಹುದುಗಿಸಿ ಮಾಡಿದ್ದು ಎಂದು ಸೀಸೆಯ ಮೇಲೆ ಓದಿ ತನ್ನಿ. ಟೊಯೋಟಾದವರು ಬಿಡದಿಗೆ ಬಂದ ಮೇಲೆ ಬೆಂಗಳೂರಿನಲ್ಲಿ ಜಪಾನಿನ ಸಂಸಾರಗಳು ನೆಲೆಸಿದವು, ಅವರ ಅಡುಗೆ ಸಾಮಾನೂ ಬಂತು, ಮಗಳ ಕೈಲಿ ಒಂದು ಸೀಸೆ ತರಿಸಿ. ಕಾಟ್ಲಾದ ನಡುಮೂಳೆಯನ್ನು ಕೆಂಡದಲ್ಲಿ ಕೆಂಪಗೆ ಸುಟ್ಟು ಈ ರಸಕ್ಕೆ ಹಾಕಿ ಕುದಿಸಿದರೆ ರುಚಿ ಬೇರೆಯೇ. ಹಾವುಮೀನಿನ ಅಂಗಡಿಯವರೂ ಮೂಳೆ, ತಲೆ ಹಾಕಿಯೇ ಕುದಿಸುತ್ತಾರೆ. ಆದರೆ ಕಾಟ್ಲಾದ ತಲೆ ಮಾತ್ರ ಮುಟ್ಟಬೇಡಿ, ಅದು ರಾತ್ರಿಯ ಹುಣಸೆಹುಳಿ ಸಾರಿಗೆ. ರಸ ಸೌಟಿನ ಬೆನ್ನಿಗೆ ಅಂಟಿದರೆ ಇಳಿಸಿ.

ಮೊದಲ ವಾರ ನಾನು ಈ ಬೆಲ್ಲದ ರಸವನ್ನು ಹಸಿ ಮೀನಿಗೇ ಬಳಿದು ಕೆಂಡಕ್ಕಿಟ್ಟೆ. ಹೊರಗೆಲ್ಲ ಸೀದು ಕಹಿ, ಒಳಗೆ ಮೂಳೆಯ ಹತ್ತಿರ ಹಸಿ. ಆಮೇಲೆ ತೋಕಿಯೊ ಕಡೆಯವರ ಕ್ರಮ ಹಿಡಿದೆ. ಅವರು ಹಾವುಮೀನನ್ನು ಮೊದಲು ರಸವಿಲ್ಲದೆ ಸುಟ್ಟು, ಹಬೆಯಲ್ಲಿ ಬೇಯಿಸಿ, ಆಮೇಲೆ ರಸ ಹಚ್ಚಿ ಮತ್ತೆ ಸುಡುತ್ತಾರೆ. ನಾನು ಮೊದಲ ಸಲ ಸುಡುವುದನ್ನು ಬಿಟ್ಟೆ. ಇಡ್ಲಿ ಪಾತ್ರೆಯಲ್ಲಿ ಬಾಳೆಲೆ ಹಾಸಿ ಏಳು ನಿಮಿಷ ಹಬೆ ಕೊಟ್ಟೆ, ಮೀನು ಮೂಳೆಯ ತನಕ ಬೆಂದಿತು. ಕೆಂಡದ ಕೆಲಸ ಬಣ್ಣ ಮತ್ತು ಹೊಗೆ ಎರಡೇ.

ಕೆಂಡದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಅಲ್ಲಿ ಒಂದು ಜಾತಿಯ ಓಕ್ ಮರವನ್ನು ಸುಟ್ಟು ಮಾಡಿದ ಬಿನ್ಚೋತಾನ್ ಇದ್ದಿಲಿಗೆ ಬಲು ಬೆಲೆ, ಬಡಿದರೆ ಲೋಹದ ಹಾಗೆ ಕಣಕಣ ಎನ್ನುತ್ತದೆ. ನಮ್ಮ ತೆಂಗಿನ ಚಿಪ್ಪಿನ ಇದ್ದಿಲನ್ನು ಕಲ್ಲಿನ ಮೇಲೆ ಹಾಕಿ ನೋಡಿ, ಅದೂ ಕಣಕ್ ಅನ್ನುತ್ತದೆ. ಉರಿ ಬೀಳದೆ, ಕಣ್ಣಿಗೆ ಹೊಗೆ ಹೋಗದೆ ಗಂಟೆ ಹೊತ್ತು ಕೆಂಪಗೆ ಕೂತಿರುತ್ತದೆ. ಮೂರು ಕಲ್ಲಿನ ನಡುವೆ ಚಿಪ್ಪಿನ ಕೆಂಡ, ಮೇಲೆ ಜಾಲರಿ, ಚರ್ಮ ಕೆಳಗೆ ಮಾಡಿ ಮೀನು. ತೆಂಗಿನ ನಾರನ್ನು ಕುಂಚದ ಹಾಗೆ ಕಟ್ಟಿ ಮೂರು ಸಲ ರಸ ಹಚ್ಚಿ. ಎರಡನೇ ಸಲಕ್ಕೆ ರಸ ತೊಟ್ಟಿಕ್ಕಿ ಕೆಂಡ ಚುಂಯ್ ಎಂದಾಗ ಏಳುವ ಹೊಗೆ ಇದೆಯಲ್ಲ, ಅದಕ್ಕೆ ಪಕ್ಕದ ತೋಟದವರು ಬೇಲಿ ಹತ್ತಿರ ಬಂದು ನಿಂತರು.

ಈಗ ನನಗೆ ತುಂಬ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಜಪಾನಿನ ಅಡುಗೆಯ ಬೆನ್ನೆಲುಬು ಕತ್ಸುವೊಬುಶಿ ಎಂಬ ಒಣಮೀನು. ಸಣ್ಣ ಜಾತಿಯ ಟ್ಯೂನಾವನ್ನು ಬೇಯಿಸಿ, ಮುಳ್ಳು ತೆಗೆದು, ದಿನ ಬಿಟ್ಟು ದಿನ ಕಟ್ಟಿಗೆಯ ಹೊಗೆ ಕೊಟ್ಟು, ಬಿಸಿಲಿಗಿಟ್ಟು, ಬೂಷ್ಟು ಹಿಡಿಸಿ, ಮತ್ತೆ ಬಿಸಿಲಿಗಿಟ್ಟು, ತಿಂಗಳುಗಟ್ಟಲೆ ಕಾದಮೇಲೆ ಅದು ಮರದ ಕೊರಡಾಗುತ್ತದೆ. ಎರಡು ತುಂಡು ಬಡಿದರೆ ಮರದ ಸದ್ದು. ಬಡಗಿಯ ಉಜ್ಜುಗೊರಡಿನಂಥ ಪೆಟ್ಟಿಗೆಯ ಮೇಲೆ ತೀಡಿ, ಹಾಳೆಯಂಥ ಎಸಳು ತೆಗೆದು ಅನ್ನದ ಮೇಲೆ ಉದುರಿಸುತ್ತಾರೆ. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಮಾಡುವ ಮಾಸ್ ಕೂಡ ಹೀಗೇ ಬೇಯಿಸಿ ಹೊಗೆಯಾಡಿಸಿ ಒಣಗಿಸಿದ ಟ್ಯೂನಾ, ಅದೂ ತೆಂಗಿನ ನಾಡೇ.

ಈ ಒಣಮೀನಿನ ವಿಷಯ ಓದುವಾಗ ನನ್ನ ಕಣ್ಣು ತಾನಾಗಿ ಅಟ್ಟದ ಕಡೆ ಹೋಯಿತು. ನಾವೂ ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯುವವರೇ. ಹಿಂದೆ ಅದರ ಕೆಳಗೇ ಒಲೆ, ಮೂರು ಹೊತ್ತೂ ಹೊಗೆ. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನುವಾಗ ಇಳಿಸುತ್ತೇವೆ. ನೀವು ತಿಪಟೂರಿನ ಮಾರುಕಟ್ಟೆಯಲ್ಲಿ ನೋಡಿದ್ದೀರಲ್ಲ, ವರ್ತಕರು ಎರಡು ಉಂಡೆ ಕೊಬ್ಬರಿ ತಗೊಂಡು ಒಂದಕ್ಕೊಂದು ಬಡಿದು ಕಿವಿಗೊಡುತ್ತಾರೆ. ಕಡಲಾಚೆ ಮೀನಿಗೆ ಮಾಡುವುದನ್ನೇ ನಮ್ಮವರು ಕಾಯಿಗೆ ಮಾಡಿದ್ದಾರೆ. ಎರಡರ ರುಚಿಯೂ ಒಂದೇ ಎಂದು ನಾನು ಹೇಳುವುದಿಲ್ಲ. ಒಣಮೀನಿನದು ಸಾರದ ರುಚಿ. 1908ರಲ್ಲಿ ಇಕೆದಾ ಎಂಬ ರಸಾಯನ ವಿಜ್ಞಾನಿ ಕಡಲಪಾಚಿಯ ಸಾರಿನಲ್ಲಿ ಕಂಡುಹಿಡಿದು ಉಮಾಮಿ ಎಂದು ಕರೆದದ್ದು ಅದೇ ಬಗೆಯ ರುಚಿಯನ್ನು. ಕೊಬ್ಬರಿಯದು ಜಿಡ್ಡು, ಸಿಹಿ. ಅದಕ್ಕೆ ಎರಡನ್ನೂ ಕೂಡಿಸಿದೆ.

ಒಣಸೀಗಡಿ ಎರಡು ಚಮಚ, ಹುಚ್ಚೆಳ್ಳು ಎರಡು ಚಮಚ, ಬೇರೆ ಬೇರೆ ಹುರಿದು, ಉಪ್ಪು, ಒಂದು ಒಣಮೆಣಸಿನಕಾಯಿ ಹಾಕಿ ತರಿತರಿಯಾಗಿ ಪುಡಿ ಮಾಡಿ. ಅಟ್ಟದ ಗಿಟುಕನ್ನು ಚಾಕುವಿನಲ್ಲಿ ಎಳೆಎಳೆಯಾಗಿ ಹೆರೆದು ಬಾಣಲೆಯ ಬಿಸಿ ತೋರಿಸಿ ಅದಕ್ಕೆ ಬೆರೆಸಿ. ಜಪಾನಿನಲ್ಲಿ ಅನ್ನದ ಮೇಲೆ ಉದುರಿಸುವ ಇಂಥ ಪುಡಿಗೆ ಫುರಿಕಾಕೆ ಎಂದು ಹೆಸರು. ಕುಮಾಮೊತೊ ಊರಿನ ಔಷಧ ಪಂಡಿತ ಯೊಶಿಮಾರು ಸುಎಕಿಚಿ, ಸುಮಾರು ನೂರು ವರ್ಷದ ಹಿಂದೆ, ಜನರ ಮೂಳೆಗೆ ಬಲ ಬರಲೆಂದು ಮೀನಿನ ಮೂಳೆ ಪುಡಿಗೆ ಎಳ್ಳು ಬೆರೆಸಿ ಮಾಡಿಕೊಟ್ಟದ್ದನ್ನೇ ಅದರ ಮೊದಲ ರೂಪ ಎನ್ನುತ್ತಾರೆ. ಅದಕ್ಕಿಟ್ಟ ಹೆಸರು "ಅನ್ನದ ಗೆಳೆಯ". ನಮ್ಮ ಚಟ್ನಿಪುಡಿಗೆ ಇಷ್ಟು ಒಳ್ಳೆಯ ಹೆಸರನ್ನು ಯಾರೂ ಇಡಲಿಲ್ಲವಲ್ಲ ಅನ್ನಿಸಿತು.

ಜೊತೆಗೆ ಎಳೆ ಸೌತೆಕಾಯಿಯನ್ನು ಬಿಲ್ಲೆ ಕೊಯ್ದು, ಉಪ್ಪು ತಿಕ್ಕಿ ಹಿಂಡಿ, ಹೇರಳೆಕಾಯಿ ರಸ, ಚಿಟಿಕೆ ಸಕ್ಕರೆ ಹಾಕಿಡಿ. ಅವರು ಸುಟ್ಟ ಹಾವುಮೀನಿನ ಮೇಲೆ ಸಾನ್ಶೊ ಎಂಬ ಕಾಳಿನ ಪುಡಿ ಚಿಮುಕಿಸುತ್ತಾರೆ, ನಾಲಿಗೆ ಜುಮ್ಮೆನ್ನುತ್ತದೆ. ಕರಾವಳಿಯವರು ಬಂಗುಡೆಗೆ ಹಾಕುವ ಜುಮ್ಮನಕಾಯಿ ಅದರ ಸೋದರಿ. ಯಾರಾದರೂ ಶಿರಸಿ, ಕುಮಟಾ ಕಡೆಯಿಂದ ಬರುವವರಿದ್ದರೆ ಒಂದು ಹಿಡಿ ತರಿಸಿಕೊಳ್ಳಿ.

ಗಂಗಳಕ್ಕೆ ಬಿಸಿ ಅನ್ನ, ಅದರ ಮೇಲೆ ಎರಡು ಚಮಚ ರಸ, ಮೇಲೆ ಮೀನು, ಪಕ್ಕಕ್ಕೆ ಸೌತೆ, ಕೊನೆಗೆ ಪುಡಿ. ಕಲಸಬಾರದು. ನಮ್ಮ ಮನೆಯವರು ಕೂತ ಕೂಡಲೇ ಕಲಸಲು ಕೈ ಹಾಕಿದರು. ಮುದ್ದೆಯನ್ನು ಸಾರಿಗೆ ಕಲಸುತ್ತೀರಾ ಎಂದು ಕೇಳಿದೆ. ಕೈ ನಿಂತಿತು. ಮುರಿದು ಅದ್ದಿ ನುಂಗುವ ಜನ ನಾವು, ಅನ್ನವನ್ನೂ ಹಾಗೇ ಒಂದು ತುತ್ತು, ಮೇಲಿನ ಮೀನು ಒಂದು ಚೂರು ಎಂದು ತಿಂದರು. ಎರಡನೇ ಸಲ ಅನ್ನ ಬಡಿಸಿಕೊಂಡಾಗ ರಸದ ಪಾತ್ರೆಯನ್ನು ತಾವೇ ಹತ್ತಿರ ಎಳೆದುಕೊಂಡರು.

ಹೇರಳೆಕಾಯಿ ನಾಲ್ಕು, ಹೆರೆದ ಕೊಬ್ಬರಿ ಒಂದು ಡಬ್ಬಿ ನಾಳೆ ಬೆಳಗಿನ ಬಸ್ಸಿಗೆ ಹಾಕುತ್ತೇನೆ, ನಿಲ್ದಾಣಕ್ಕೆ ಯಾರನ್ನಾದರೂ ಕಳಿಸಿ. ಮಗಳು ಊರಿಗೆ ಬರುವ ವಾರ, ಮಲ್ಲಾಘಟ್ಟದ ಕೆರೆಗೆ ಬಲೆ ಬೀಳುವ ದಿನ ಗೊತ್ತಾದರೆ ಹಿಂದಿನ ರಾತ್ರಿಯೇ ಫೋನ್ ಮಾಡಿ. ಮೀನು ನಿಮ್ಮದು. ಚಿಪ್ಪಿನ ಇದ್ದಿಲು ಒಂದು ಚೀಲ ನಾನು ತರುತ್ತೇನೆ.

ಇಂತಿ ನಿಮ್ಮ
ಗೆಳತಿ