ಮಂಜು, ಮೋಟು, ಮಾಗಿಯ ಹಿನ್ನೀರು

ತೆಪ್ಪದ ತಳ ಚರ್ರ್ ಎಂದಿತು. ಮರುಕ್ಷಣ ನನ್ನ ಪಾದಕ್ಕೆ ಏನೋ ಬೆಚ್ಚಗೆ ತಾಗಿತು.

ಅದು ಭದ್ರೆಯ ನೀರು.

“ಮರದ ಮೋಟು ಹೊಡೀತು ಮಾಷ್ಟ್ರೇ. ಏಳಬೇಡಿ, ಕೂತಲ್ಲೇ ಕೂರಿ” ಎಂದರು ಅಜ್ಜ. ದನಿ ಬಂತು, ಮುಖ ಕಾಣಲಿಲ್ಲ. ಕಂಬಳಿಕೊಪ್ಪೆ ಹೊದ್ದು ತೆಪ್ಪದ ಆಚೆ ಅಂಚಿನಲ್ಲಿ, ಕೈಗೆ ಸಿಗುವಷ್ಟು ದೂರದಲ್ಲೇ ಕೂತಿದ್ದರು. ಆದರೂ ನಮ್ಮಿಬ್ಬರ ನಡುವೆ ಮಂಜು ಗೋಡೆ ಕಟ್ಟಿತ್ತು. ಬ್ಯಾಟರಿ ಬಿಟ್ಟರೆ ಬೆಳಕು ಮಾರುದೂರವೂ ಹೋಗದೆ ಕಣ್ಣಿಗೇ ವಾಪಸು ಹೊಡೆಯಿತು.

ಮಾಗಿಯ ಬೆಳಗಿನ ಜಾವ ಹಿನ್ನೀರಿನಲ್ಲಿ ಗಾಳಿಗಿಂತ ನೀರೇ ಬೆಚ್ಚಗಿರುತ್ತದೆ. ಹಗಲೆಲ್ಲ ಬಿಸಿಲು ಕುಡಿದ ನೀರು ರಾತ್ರಿ ಬೇಗ ಆರುವುದಿಲ್ಲ. ಅದರಿಂದೆದ್ದ ಆವಿ ಮೇಲಿನ ಕೊರೆಯುವ ಗಾಳಿಗೆ ಸಿಕ್ಕಿ ಅಲ್ಲೇ ಮಂಜಾಗಿ ನಿಲ್ಲುತ್ತದೆ. ಚಳಿ ಹೆಚ್ಚಿದಷ್ಟೂ, ಗಾಳಿ ಬಿದ್ದಷ್ಟೂ ಮಂಜು ದಟ್ಟ. ಅವತ್ತು ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ.

ನಾನು ತಳ ತಡಕಿದೆ. ಬಿದಿರ ಹೆಣಿಗೆಯ ಕೆಳಗೆ ಟಾರು ಬಳಿದ ಪ್ಲಾಸ್ಟಿಕ್ ಚೀಲ ಗೇಣುದ್ದ ಸೀಳಿತ್ತು. ಅಂಗೈ ಒತ್ತಿ ಹಿಡಿದರೆ ಬೆರಳ ಸಂದಿಯಿಂದಲೇ ನೀರು ಚಿಮ್ಮುತ್ತಿತ್ತು.

“ಉಂಡೆ ಕೊಡಿ, ಉಂಡೆ!”

ಗಾಳಕ್ಕೆಂದು ರಾಗಿ ಹಿಟ್ಟು, ಅಕ್ಕಿ ತೌಡು ಕಲಸಿ ತಂದಿದ್ದ ಮುದ್ದೆ ಅದು. ಅಜ್ಜ ಅದನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ, ಟವೆಲ್ಲಿನಲ್ಲಿ ಸುತ್ತಿ ಸೀಳಿಗೆ ಒತ್ತಿದರು. ನೀರು ತಗ್ಗಿತು, ನಿಲ್ಲಲಿಲ್ಲ. ನನ್ನ ಹಿಮ್ಮಡಿ ಆ ಗಂಟಿನ ಮೇಲೆ, ಕೈಯಲ್ಲಿ ಊಟದ ಡಬ್ಬಿಯ ಮುಚ್ಚಳ. ಮೊಗೆದೆ, ಚೆಲ್ಲಿದೆ, ಮೊಗೆದೆ, ಚೆಲ್ಲಿದೆ.

ಆದರೂ ತೆಪ್ಪ ಒಂದು ಕಡೆಗೆ ವಾಲುತ್ತಲೇ ಇತ್ತು. ಅರ್ಧ ಎತ್ತಿದ್ದ ಬಲೆ ಅದೇ ಮೋಟಿಗೆ ಸುತ್ತಿಕೊಂಡು ನಮ್ಮನ್ನು ಕೆಳಗೆ ಜಗ್ಗುತ್ತಿತ್ತು. ಬಲೆಯೊಳಗೆ ಮೀನು ಬಡಿದಾಡುವುದು ಹಗ್ಗದಲ್ಲಿ ಕೈಗೆ ಗೊತ್ತಾಗುತ್ತಿತ್ತು. ಅಜ್ಜ ಒಂದು ಕ್ಷಣ ಹಗ್ಗ ಹಿಡಿದು ಕೂತರು. ಆಮೇಲೆ ಸೊಂಟದ ಕತ್ತಿ ತೆಗೆದು ಒಂದೇ ಏಟಿಗೆ ಕತ್ತರಿಸಿದರು. ತೆಪ್ಪ ಎಗರಿ ನೆಟ್ಟಗಾಯಿತು, ಎರಡು ಸುತ್ತು ತಿರುಗಿತು. ದುಂಡಗಿನ ತೆಪ್ಪಕ್ಕೆ ಹಿಂದು ಯಾವುದು, ಮುಂದು ಯಾವುದು? ತಿರುಗಿ ನಿಂತಾಗ ಯಾವ ದಿಕ್ಕೂ ನಮ್ಮದಾಗಿರಲಿಲ್ಲ.

ಕೊಪ್ಪ, ಶೃಂಗೇರಿ ಕಡೆಯವರಿಗೆ ಹತ್ತಿರದ ಹೊಳೆ ತುಂಗೆ. ಶೃಂಗೇರಿ ಮಠದ ಮುಂದೆ ಸ್ನಾನಘಟ್ಟದ ಮೆಟ್ಟಿಲಿಗೇ ಬಂದು ಮಂಡಕ್ಕಿ ತಿನ್ನುವ ಮೀನುಗಳು ದೇವರವು, ಅವನ್ನು ಯಾರೂ ಮುಟ್ಟುವುದಿಲ್ಲ. ಗಂಗಾಮೂಲದಲ್ಲಿ ಜೊತೆಗೇ ಹುಟ್ಟಿದ ಭದ್ರೆ ಮಾತ್ರ ಬಾಳೆಹೊನ್ನೂರು ದಾಟಿ ನರಸಿಂಹರಾಜಪುರದ ಹತ್ತಿರ ಹಿನ್ನೀರಾಗಿ ಹರಡುತ್ತಾಳೆ. ಗಾಳದ ಚಟವಿರುವವರು ಅಲ್ಲಿಗೇ ಹೋಗಬೇಕು. ಲಕ್ಕವಳ್ಳಿಯ ಅಣೆಕಟ್ಟು 1960ರ ದಶಕದಲ್ಲಿ ಪೂರ್ಣಗೊಂಡು, 186 ಅಡಿಯವರೆಗೆ ನೀರು ನಿಲ್ಲತೊಡಗಿದಾಗ ಗದ್ದೆ, ತೋಟ, ರಸ್ತೆ, ಮರ ಎಲ್ಲವೂ ಅಡಿಗೆ ಹೋದವು. ಅಜ್ಜ ಹುಡುಗನಾಗಿ ದನ ಮೇಯಿಸಿದ ಬಯಲಿನ ಮೇಲೆ ಈಗ ಬಲೆ ಬಿಡುತ್ತಾರೆ.

ಹಿಂದಿನ ಸಂಜೆ ಬಲೆ ಬಿಟ್ಟಿದ್ದೂ ಆ ನೆನಪಿನ ಲೆಕ್ಕದಲ್ಲೇ. ಚಳಿಗಾಲದ ರಾತ್ರಿ ಮೇಲ್ನೀರು ಆರುತ್ತಿದ್ದಂತೆ ಮೀನು ಕೆಳಗಿಳಿಯುತ್ತದೆ, ಹಳೇ ಹೊಳೆಯ ಪಾತ್ರ ಹಿಡಿಯುತ್ತದೆ. ಹಾಗಾಗಿ ಮಳೆಗಾಲದಂತೆ ದಡದ ಬದಿಯಲ್ಲಿ ಬಲೆ ಬಿಟ್ಟರೆ ಬರಿಗೈ. ಪಾತ್ರದ ಅಂಚಿನುದ್ದಕ್ಕೂ, ಕಲ್ಲುಗುಂಡು ಹೆಚ್ಚಿಗೆ ಕಟ್ಟಿ ಆಳಕ್ಕಿಳಿಸಬೇಕು. ಮೃಗಾಲ್ ಕೆಸರು ಕೆದಕುತ್ತ ತಳದಲ್ಲಿ, ರೋಹು ನಡುನೀರಿನಲ್ಲಿ. ಕಾಟ್ಲಾ ಮೇಲ್ನೀರಿನ ಮೀನಾದರೂ ಬಿಸಿಲೇರುವ ತನಕ ಮೇಲೆ ಬರಲು ಮನಸ್ಸು ಮಾಡುವುದಿಲ್ಲ.

ಗಾಳದವರಿಗಂತೂ ಮಾಗಿಯಲ್ಲಿ ಬೇಗ ಏಳುವ ಕೆಲಸವಿಲ್ಲ. ಹತ್ತು ಗಂಟೆಯ ಮೇಲೆ, ಬೆಳಗಿನ ಬಿಸಿಲು ಮೊದಲು ಬೀಳುವ ತೆಳುನೀರಿನ ದಡ ಹುಡುಕಿ ಕೂತರೆ ಸಾಕು. ಜೊಂಡಿನ ಸಂದಿಯಲ್ಲಿ ಕೊರವ ಬಿಸಿಲು ಕಾಯಿಸುತ್ತಿರುತ್ತದೆ, ಅದಕ್ಕೆ ಕಪ್ಪೆಮರಿ ಆಗಬೇಕು. ಗೆಂಡೆಗೆ ಎರೆಹುಳ ಅಥವಾ ಹಿಟ್ಟಿನ ಉಂಡೆ, ಅದೂ ಕಡಲೆಕಾಳಿನ ಗಾತ್ರದ್ದು. ಚಳಿಯಲ್ಲಿ ಮೀನಿಗೆ ಹಸಿವು ಕಡಿಮೆ. ಕಚ್ಚುವುದಿಲ್ಲ, ಮೂತಿ ತಾಗಿಸಿ ನೋಡುತ್ತದೆ. ಬೆಂಡು ನಡುಗಿದ ಕೂಡಲೇ ಎಳೆಯದೆ, ಅದು ಪಕ್ಕಕ್ಕೆ ಜಾರುವ ತನಕ ಕಾಯಬೇಕು.

ಇಷ್ಟೆಲ್ಲ ತಿಳಿದ ಅಜ್ಜನ ತೆಪ್ಪಕ್ಕೂ ಮೋಟು ಹೊಡೆದದ್ದೇಕೆ? ಬೇಸಿಗೆ ಬೆಳೆಗೆಂದು ನಾಲೆಗೆ ನೀರು ಬಿಟ್ಟಿದ್ದರು. ದಾವಣಗೆರೆ ಕಡೆಯ ಗದ್ದೆಗೆ ನೀರು ಹರಿದಂತೆಲ್ಲ ಹಿನ್ನೀರು ಇಳಿಯುತ್ತದೆ, ನಿನ್ನೆ ಆಳದಲ್ಲಿದ್ದ ಮೋಟು ಇವತ್ತು ನೀರಿನ ಚರ್ಮದ ಕೆಳಗೇ ಇರುತ್ತದೆ. ಹಗಲಾಗಿದ್ದರೆ ಅದರ ತುದಿಯಲ್ಲಿ ನೀರುಕಾಗೆಯೋ ಮೀನುಗಿಡುಗವೋ ಕೂತು ಗುರುತು ಹೇಳುತ್ತಿತ್ತು.

ಉಂಡೆ ಕರಗತೊಡಗಿತು. ಹಿಮ್ಮಡಿಯಡಿಯಲ್ಲಿ ಅದು ಲೋಳೆಯಾಗಿ ಜಾರುತ್ತಿತ್ತು. ಸೊಂಟದವರೆಗೆ ಒದ್ದೆಯಾಗಿದ್ದ ನನಗೆ ವಿಚಿತ್ರ ಆಸೆ ಹುಟ್ಟಿತು: ಮೊಗೆಯುವುದನ್ನು ಬಿಟ್ಟು ಈ ಬೆಚ್ಚನೆ ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತುಬಿಡೋಣ ಅಂತ. ಅದೇ ಮೋಸ. ಗಾಳಿಗಿಂತ ನೀರು ಮೈಯ ಶಾಖವನ್ನು ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಬೆಚ್ಚಗೆನಿಸುವ ನೀರೇ ಸದ್ದಿಲ್ಲದೆ ಕೈಕಾಲು ಸೋಲಿಸುತ್ತದೆ.

ಆಗ ಕೇಳಿತು. ‘ಫೂಊ...’

ಅಜ್ಜನ ಕೈ ಮಂಜಿನೊಳಗಿಂದ ಬಂದು ನನ್ನ ಬಾಯಿ ಮುಚ್ಚಿತು. ಇನ್ನೊಂದು ಕೈ ಬ್ಯಾಟರಿ ಆರಿಸಿತು.

ಮತ್ತೆ ಅದೇ ಉಸಿರು, ಈ ಸಲ ಹತ್ತಿರ. ಬಿಳುಪಿನೊಳಗಿಂದ ಒಂದು ಸೊಂಡಿಲ ತುದಿ ಬಂತು, ನೀರಿಗಿಂತ ಗೇಣು ಮೇಲೆ. ಒದ್ದೆ ಅಂಚು ಅರಳಿ ನಮ್ಮ ಕಡೆ ಹೊರಳಿತು. ಅದರ ಹಿಂದೆ ನೆತ್ತಿ. ಆಮೇಲೆ ಇನ್ನೊಂದು, ಮತ್ತೊಂದು. ಈಜುತ್ತಿದ್ದ ಆನೆಗಳು! ಅವು ಎಬ್ಬಿಸಿದ ಅಲೆ ತೆಪ್ಪದ ಅಂಚು ದಾಟಿ ಒಳಗೆ ಸುರಿಯಿತು. ಮೊಗೆಯುವ ಹಾಗಿಲ್ಲ, ಸದ್ದಾಗುತ್ತದೆ. ನೀರು ಮಂಡಿಗೇರಿತು. ಮುಚ್ಚಳ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು. ಉಸಿರಿನ ಸದ್ದು ದೂರವಾಗಿ, ಕೊನೆಗೆ ಎಲ್ಲೋ ಕೊಂಬೆ ಲಟಕ್ಕೆಂದಿತು.

“ಮೊಗೀರಿ!” ಅಜ್ಜನ ದನಿಯಲ್ಲಿ ಹೆದರಿಕೆಯಿರಲಿಲ್ಲ, ಗೆಲುವಿತ್ತು. “ದಾರಿ ಸಿಕ್ತು ಮಾಷ್ಟ್ರೇ.”

“ಎಂಥ ದಾರಿ ಅಜ್ಜಾ?”

“ರಾತ್ರಿ ಗದ್ದೆ ಮೇಯೋಕೆ ಬಂದಿದ್ದವು, ಬೆಳಕು ಹರಿಯೋದ್ರೊಳಗೆ ಕಾಡು ಸೇರ್ತಾವೆ. ಕೊಂಬೆ ಮುರಿದದ್ದು ಅಭಯಾರಣ್ಯದ ದಡ. ಅವು ಬಂದ ಕಡೆ ನಮ್ಮೂರು.”

ಹುಟ್ಟು ನೀರು ಸೀಳಿತು. ಆದರೆ ಮಂಜಿನಲ್ಲಿ ತೆಪ್ಪ ನೇರ ಹೋಗುತ್ತಿದೆಯೋ, ನಿಂತಲ್ಲೇ ಗಿರಕಿ ಹೊಡೆಯುತ್ತಿದೆಯೋ ಯಾರಿಗೆ ಗೊತ್ತು? ಅಜ್ಜ ಆಗಾಗ ಹುಟ್ಟು ಬಿಟ್ಟು ಬಿದಿರ ಗಳ ಇಳಿಸುತ್ತಿದ್ದರು. ಮೊದಲು ತಳವೇ ಸಿಗಲಿಲ್ಲ. ಆಮೇಲೆ ಸಿಕ್ಕಿತು, ಗಳ ಕೆಸರಿಗೆ ಕಚ್ಚಿಕೊಂಡಿತು. “ಗದ್ದೆ” ಎಂದರು. ಇನ್ನಷ್ಟು ದೂರ. ಮತ್ತೆ ಗದ್ದೆ. ಸೀಳಿನ ಗಂಟು ಪೂರ್ತಿ ಕಳಚಿ ತೇಲಿತು. ನಾನು ನನ್ನ ಸ್ವೆಟರ್ ಬಿಚ್ಚಿ ತುರುಕಿದೆ. ತೆಪ್ಪದ ಅಂಚಿಗೂ ನೀರಿಗೂ ನಾಲ್ಕು ಬೆರಳಿನ ಅಂತರ. ಪಕ್ಕಕ್ಕೆ ಕಟ್ಟಿದ್ದ ಎರಡು ಖಾಲಿ ಕ್ಯಾನುಗಳಷ್ಟೇ ನಮ್ಮನ್ನು ಎತ್ತಿ ಹಿಡಿದಿದ್ದವು.

ಗಳದ ತುದಿ ಠಕ್ಕೆಂದಿತು.

ಅಜ್ಜ ಮತ್ತೊಮ್ಮೆ ಕುಟ್ಟಿದರು. ಠಕ್. “ರಸ್ತೆ! ಹಳೇ ಜಲ್ಲಿ ರಸ್ತೆ!”

ಅಲ್ಲಿಂದ ಅವರು ಹುಟ್ಟು ಮುಟ್ಟಲಿಲ್ಲ. ಗಳ ಊರಿ, ನೂಕಿ, ಮತ್ತೆ ಊರಿ. ಗಟ್ಟಿ ತಾಗಿದರೆ ಮುಂದೆ, ಕೆಸರಿಗೆ ಇಳಿದರೆ ಒಂದು ನೂಕು ಪಕ್ಕಕ್ಕೆ. ಮುಳುಗಿದ ರಸ್ತೆ ಅಡಿ ಅಡಿಯಾಗಿ ಮೇಲೇರುತ್ತಿತ್ತು. ಗಳದ ಒದ್ದೆ ಗುರುತು ಆಳೆತ್ತರದಿಂದ ಎದೆಮಟ್ಟಕ್ಕೆ, ಸೊಂಟಕ್ಕೆ ಇಳಿಯಿತು. ತೆಪ್ಪ ಪೂರ್ತಿ ತುಂಬಿ ಕುಸಿದಾಗ ನಾವು ಸೊಂಟದ ನೀರಿನಲ್ಲಿ ಜಲ್ಲಿಯ ಮೇಲೆ ನಿಂತಿದ್ದೆವು.

ದಡದಲ್ಲಿ ನಡುಕ ಶುರುವಾಯಿತು. ಬೆಂಕಿಗೆ ಓಡುವ ಮೊದಲು ಒದ್ದೆ ಬಟ್ಟೆ ಕಳಚಬೇಕು, ಒಣ ಕಂಬಳಿ ಹೊದೆಯಬೇಕು, ಆಮೇಲೆ ಬಿಸಿ ಬೆಲ್ಲದ ಕಾಫಿ. ಚಳಿ ಬಿಡಿಸಲು ಸಾರಾಯಿ ಕೊಡುವವರಿದ್ದಾರೆ. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ಬಿಸಿಯೇರಿದಂತೆ ಅನ್ನಿಸುತ್ತದೆ, ಮೈ ಮಾತ್ರ ತಣ್ಣಗಾಗುತ್ತ ಹೋಗುತ್ತದೆ.

ಹಿನ್ನೀರಿಗೆ ಇಳಿಯುವವರಿಗೆ ಮೀನುಗಾರಿಕೆ ಇಲಾಖೆಯ ಪರವಾನಗಿ, ಲೈಫ್ ಜಾಕೆಟ್, ಖಾಲಿ ಕ್ಯಾನು, ಕತ್ತಿ ಇರಲೇಬೇಕು. ಹುಲಿ ಮೀಸಲಿನ ಕಡೆ ಬಲೆ ಇಳಿಸುವಂತಿಲ್ಲ. ಮಂಜು ಕವಿದರೆ ಬಲೆ ಅಲ್ಲೇ ಇರಲಿ, ಬಿಸಿಲೇರಿದ ಮೇಲೆ ಎತ್ತಿದರಾಯಿತು. ಇವೆಲ್ಲಕ್ಕಿಂತ ಮೊದಲು, ಮೇ ತಿಂಗಳಲ್ಲಿ ನೀರು ಇಳಿದಾಗ ಆ ಬಯಲಿನಲ್ಲಿ ಒಮ್ಮೆ ಕಾಲ್ನಡಿಗೆಯಲ್ಲಿ ಓಡಾಡಿ ಬರಬೇಕು. ಮೋಟು ಎಲ್ಲಿದೆ, ಗದ್ದೆ ಎಲ್ಲಿ ಮುಗಿಯುತ್ತದೆ, ರಸ್ತೆ ಯಾವ ದಡಕ್ಕೆ ಏರುತ್ತದೆ, ಹೊಳೆ ಎಲ್ಲಿ ತಿರುಗುತ್ತದೆ ಎಂಬುದನ್ನು ಕಾಲಿಗೆ ಕಲಿಸಬೇಕು. ಮಾಗಿಯಲ್ಲಿ ಮೀನು ಸಿಗುವುದೂ ಆ ಗುರುತಿನಿಂದಲೇ, ಮನೆ ಸೇರುವುದೂ ಆ ಗುರುತಿನಿಂದಲೇ.