ಅಮಾವಾಸ್ಯೆಯ ಭಜನೆಯಲ್ಲಿ ಆರು ಚಕ್ರ

ನಮ್ಮೂರ ಮಠದಲ್ಲಿ ಅಮಾವಾಸ್ಯೆಯ ಭಜನೆ ಶುರುವಾದರೆ ಬೆಳ್ಳಿ ಮೂಡುವವರೆಗೂ ನಡೆಯುತ್ತಿತ್ತು. ಏಕತಾರಿ, ದಮ್ಮಡಿ, ತಾಳ, ಒಂದು ಹಳೆಯ ಹಾರ್ಮೋನಿಯಂ. ಹಾಡುವವರು ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರು. ಹಲವರಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಆದರೆ ಇಡಾ, ಪಿಂಗಳಾ, ಸುಷುಮ್ನೆ ಎಂಬ ನಾಡಿಗಳು, ಮೂಲಾಧಾರದಲ್ಲಿ ಮೂರೂವರೆ ಸುತ್ತು ಸುತ್ತಿ ಮಲಗಿದ ಸರ್ಪಿಣಿ, ಅವಳು ಎದ್ದು ಸಹಸ್ರಾರಕ್ಕೆ ಏರುವ ದಾರಿ ಎಲ್ಲವೂ ಅವರ ಬಾಯಲ್ಲಿದ್ದವು. ಆ ಸರ್ಪಿಣಿಯ, ಅಂದರೆ ಕುಂಡಲಿನಿಯ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಅಲ್ಲಿಯೇ.

ಏಕತಾರಿ ಹಿಡಿಯುತ್ತಿದ್ದ ಅಜ್ಜನ ತೋರುಬೆರಳು ತಂತಿ ಮೀಟಿ ಮೀಟಿ ಜಡ್ಡುಗಟ್ಟಿತ್ತು. ಪದದಲ್ಲಿ ಅವಳು ಹಾದುಹೋಗುವ ಯಾವುದಾದರೂ ಚಕ್ರದ ಹೆಸರು ಬಂತೆಂದರೆ ಅವನ ಇನ್ನೊಂದು ಕೈ ತಾನೇ ಹೊಕ್ಕಳಿಗೋ ಎದೆಗೋ ಗಂಟಲಿಗೋ ಹೋಗುತ್ತಿತ್ತು. ಅರ್ಥ ಕೇಳಿದರೆ, "ಮೊದಲ ಹಾಡಾಕ ಕಲಿ ತಮ್ಮಾ, ಅರ್ಥ ಆಮ್ಯಾಗ ಗುರು ಹೇಳ್ತಾನ" ಎನ್ನುತ್ತಿದ್ದ.

ಈ ಕುಂಡಲಿನಿ ವಿದ್ಯೆಯ ಬೇರು ಶೈವ, ಶಾಕ್ತ ತಂತ್ರಗಳಲ್ಲಿದೆ. ಚಕ್ರಗಳು ಎಷ್ಟು ಎಂಬುದಕ್ಕೆ ಮೊದಮೊದಲು ಗ್ರಂಥಕ್ಕೊಂದು ಲೆಕ್ಕವಿತ್ತು. ಈಗ ನಾವು ಹೇಳುವ ಆರರ ಕ್ರಮ ಕುಬ್ಜಿಕೆ ಎಂಬ ದೇವಿಯನ್ನು ಆರಾಧಿಸುವ ತಂತ್ರಗಳಿಂದ ಬೆಳೆಯಿತು. ನಾಥಯೋಗಿಗಳು ಅದನ್ನು ಹಠಯೋಗಕ್ಕೆ ತಂದರು. 15ನೇ ಶತಮಾನದ ಹಠಪ್ರದೀಪಿಕೆ ಮತ್ಸ್ಯೇಂದ್ರ, ಗೋರಕ್ಷರಿರುವ ಸಿದ್ಧರ ಸಾಲಿನಲ್ಲೇ ನಮ್ಮ ಅಲ್ಲಮಪ್ರಭುವನ್ನೂ ನೆನೆಯುತ್ತದೆ. ವೀರಶೈವ ಪರಂಪರೆ ಷಟ್ಚಕ್ರಕ್ಕೆ ಷಟ್‌ಸ್ಥಲವನ್ನು, ಅಂದರೆ ಸಾಧನೆಯ ಆರು ಮೆಟ್ಟಿಲನ್ನು ಹೊಂದಿಸಿತು: ಆಧಾರದಲ್ಲಿ ಆಚಾರಲಿಂಗ, ಅನಾಹತದಲ್ಲಿ ಜಂಗಮಲಿಂಗ, ಆಜ್ಞೆಯಲ್ಲಿ ಮಹಾಲಿಂಗ. ಅಂದರೆ ಮೇಲೇರುವ ಮೊದಲ ಮೆಟ್ಟಿಲೇ ಆಚಾರ, ನಡತೆ.

ಅಲ್ಲಮನ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿ ಬರುವ ಗೋರಕ್ಷನ ಪ್ರಸಂಗವನ್ನು ಅಜ್ಜ ಮೈಮರೆತು ಹೇಳುತ್ತಿದ್ದ. ಯೋಗಬಲದಿಂದ ವಜ್ರಕಾಯನಾದ ಗೋರಕ್ಷನಿಗೆ ಅಲ್ಲಮ ಕತ್ತಿ ಬೀಸಿದರೆ ಖಣಿಲೆಂದು ಸದ್ದಾಗುತ್ತದೆ, ಮೈ ಕತ್ತರಿಸುವುದಿಲ್ಲ. ಗೋರಕ್ಷ ಅಲ್ಲಮನಿಗೆ ಬೀಸಿದರೆ ಕತ್ತಿ ಬಯಲಲ್ಲಿ ಹಾದಂತೆ ಹಾದುಹೋಗುತ್ತದೆ. ಮೈ ಗಟ್ಟಿಯಾದದ್ದು ಸಿದ್ಧಿಯಲ್ಲ ಎಂಬುದನ್ನು ಕನ್ನಡ ನಾಡು ಇಷ್ಟು ಹಿಂದೆಯೇ ಹೇಳಿಬಿಟ್ಟಿತ್ತು.

ಆ ಮಾತನ್ನು ಮನೆಮನೆಗೆ ಮುಟ್ಟಿಸಿದವರು ತತ್ವಪದಕಾರರು, ನಮ್ಮ ಭಜನೆಯ ಪದಗಳನ್ನು ಕಟ್ಟಿದವರು. 1819ರಲ್ಲಿ ಹುಟ್ಟಿದ ಶಿಶುನಾಳ ಶರೀಫರಿಗೆ ಕಳಸದ ಗೋವಿಂದಭಟ್ಟರು ಗುರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು. ಊರು ಆಡಿಕೊಂಡರೂ ಇಬ್ಬರೂ ಜಗ್ಗಲಿಲ್ಲ. ಕಡಕೋಳ ಮಡಿವಾಳಪ್ಪನ ಶಿಷ್ಯಬಳಗದಲ್ಲೂ ಜಾತಿಯ ಗೋಡೆ ನಿಲ್ಲಲಿಲ್ಲ. ದೊಡ್ಡ ಗ್ರಂಥಗಳು ಮುಚ್ಚಿಟ್ಟದ್ದನ್ನು ಇವರು ಮನೆ, ಹೊಲಗಳ ಮಾತಿನಲ್ಲಿ ಹಾಡಿದರು. ಆದರೂ ಒಳಗುಟ್ಟು ಗುರುಮುಖದಲ್ಲೇ ಉಳಿಯಿತು.

ಅತ್ತ ಗ್ರಂಥದ ವಿದ್ಯೆ ಹೊರನಾಡಿಗೂ ಹೋಯಿತು. 1577ರಲ್ಲಿ ಪೂರ್ಣಾನಂದರು ಬರೆದ ಷಟ್ಚಕ್ರನಿರೂಪಣವನ್ನು ಜಾನ್ ವುಡ್ರಾಫ್ 1919ರಲ್ಲಿ ಇಂಗ್ಲಿಷಿಗೆ ತಂದರು. 1969ರ ಹೊತ್ತಿಗೆ ಯೋಗಿ ಭಜನ್ ಅಮೆರಿಕದಲ್ಲಿ ಕುಂಡಲಿನಿ ಯೋಗ ಕಲಿಸತೊಡಗಿದರು. ಲೋಕ ಈ ವಿದ್ಯೆಯತ್ತ ತಿರುಗಿದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಕಾಮನಬಿಲ್ಲಿನ ಏಳು ಬಣ್ಣ ಬಳಿದ ಚಕ್ರಗಳ ಚಿತ್ರ ಹಳೆಯ ತಂತ್ರಗಳಲ್ಲಿಲ್ಲ. ವಾರಾಂತ್ಯದ ಶಿಬಿರದಲ್ಲಿ ಶಕ್ತಿಯನ್ನು ಎಬ್ಬಿಸಿಕೊಡುತ್ತೇವೆ ಎಂಬ ಜಾಹೀರಾತು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಶಕ್ತಿ ಏಳುವುದು ವರ್ಷಗಟ್ಟಲೆ ಗುರುವಿನ ಬಾಗಿಲಲ್ಲಿ ಕಾದವರ ಮಾತು.

ನಮ್ಮೂರ ಭಜನೆ ಈಗ ಹತ್ತು ಗಂಟೆಗೆಲ್ಲ ಮುಗಿಯುತ್ತದೆ. ಹುಡುಗರು ದುಡಿಯಲು ಗೋವಾ, ಬೆಂಗಳೂರು ಸೇರಿದ್ದಾರೆ. ಅಜ್ಜನೂ ಇಲ್ಲ, ಅವನ ಧಾಟಿಯೂ ಯಾರಿಗೂ ಬಂದಿಲ್ಲ. ತತ್ವಪದಗಳು ಸಂಪುಟಗಳಾಗಿ ಅಚ್ಚಾಗಿವೆ, ಅದು ದೊಡ್ಡ ಕೆಲಸ. ಆದರೆ ಯಾವ ಸಾಲಿಗೆ ಎಲ್ಲಿ ತಡೆಯಬೇಕು, ಯಾವ ಮಾತಿಗೆ ಉಸಿರು ಬಿಗಿಹಿಡಿಯಬೇಕು ಎಂಬುದು ಅಚ್ಚಿಗೆ ಸಿಕ್ಕಿಲ್ಲ.

ನಿಮ್ಮೂರಲ್ಲಿ ಇನ್ನೂ ಏಕತಾರಿ ಹಿಡಿಯುವ ಹಿರಿಯರಿದ್ದರೆ ಬರುವ ಅಮಾವಾಸ್ಯೆಗೆ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಒಂದು ಪದವನ್ನಾದರೂ ಅವರ ಎದುರಿಗೇ ಹಾಡಿ ಕಲಿಯಿರಿ.